ಈ ತಿಂಗಳ ಪಾಠ: ಚಿಕ್ಕ ಮಕ್ಕಳ ಜೊತೆ ಆಟ, ಮಾತು ಮತ್ತು ದಿನದ ಹೊತ್ತು



ಕಳೆದ ಕೆಲವು ತಿಂಗಳು ಈ ಪುಟಗಳಲ್ಲಿ ಉಳಿತಾಯ, ಆಂತರಿಕ ಸಾಲ, ನಡಾವಳಿ ಪುಸ್ತಕ ಬರೆಯುವುದು ಅಂತ ಲೆಕ್ಕದ ಪಾಠಗಳನ್ನೇ ನೋಡಿದೆವು. ಈ ಸಲದ್ದು ಲೆಕ್ಕದ ಪುಸ್ತಕಕ್ಕೆ ಬಾರದ ವಿಷಯ. ಹಾಗಂತ ಸಂಘಕ್ಕೆ ಸಂಬಂಧ ಇಲ್ಲದ್ದಲ್ಲ. ಸಭೆಗೆ ಬರುವಾಗ ಸೊಂಟದ ಮೇಲೊಂದು ಮಗು, ಸೆರಗು ಹಿಡಿದು ಇನ್ನೊಂದು ಮಗು ಇಲ್ಲದ ಸಂಘ ನಮ್ಮ ಕೊಡಗಿನಲ್ಲಿ ಎಷ್ಟಿವೆ ಹೇಳಿ?

ಅಮ್ಮತ್ತಿ ಕಡೆಯ ಒಂದು ಸಂಘದ ಸಭೆಯಿಂದಲೇ ಶುರು ಮಾಡೋಣ. ಅಲ್ಲಿ ಒಬ್ಬ ಸದಸ್ಯೆಯ ಪಕ್ಕದಲ್ಲಿ ಮೂರು ವರ್ಷ ತುಂಬಿದ ಗಂಡು ಮಗು ಕೂತಿತ್ತು. ಒಂದೂವರೆ ಗಂಟೆ ಸಭೆ ನಡೆಯಿತು. ಮಗು ಅಳಲಿಲ್ಲ, ಎದ್ದು ಓಡಲಿಲ್ಲ, ಏನೂ ಕೇಳಲಿಲ್ಲ. "ಎಷ್ಟು ಪಾಪದ ಮಗು, ತಂಟೆನೇ ಇಲ್ಲ" ಅಂತ ಎಲ್ಲರೂ ಹೊಗಳಿದರು. ನಾವೂ ಹೊಗಳಿದೆವು. ಅದರ ಕೈಯಲ್ಲಿ ತಾಯಿಯ ಮೊಬೈಲ್ ಇತ್ತು.

ಆ ಹೊಗಳಿಕೆ ತಪ್ಪು ಅಂತ ನಮಗೆ ತೋರಿಸಿಕೊಟ್ಟದ್ದು ಅಂಗನವಾಡಿ ಕಾರ್ಯಕರ್ತೆ. "ಸಿಸ್ಟರ್, ಆ ಹುಡುಗ ಹೆಸರು ಕರೆದ್ರೆ ತಿರುಗಲ್ಲ. ಏನು ಬೇಕಾದ್ರೂ ಕೈ ತೋರಿಸ್ತಾನೆ, ಮಾತಿಲ್ಲ" ಅಂದರು. ತಾಯಿಯನ್ನು ಕೇಳಿದರೆ, ಗಂಡು ಮಕ್ಕಳಿಗೆ ಮಾತು ತಡ ಅಂತ ಅತ್ತೆ ಹೇಳಿದ್ದಾರೆ ಎಂಬ ಉತ್ತರ ಬಂತು. ಒಂದು ದಿನದ ಕೂಲಿ ಬಿಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೊದಲು ಕಿವಿ ಪರೀಕ್ಷೆ ಆಯಿತು. ಕಿವಿ ಚೆನ್ನಾಗಿತ್ತು. ಆಮೇಲೆ ಡಾಕ್ಟರ್ ತಾಯಿಗೆ ಒಂದೇ ಪ್ರಶ್ನೆ ಕೇಳಿದರು: "ದಿನಕ್ಕೆ ಎಷ್ಟು ಹೊತ್ತು ಮಗುವಿನ ಜೊತೆ ಮಾತಾಡ್ತೀರಮ್ಮ?"

ಆಕೆ ಅಲ್ಲಿ ಏನೂ ಹೇಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಳುತ್ತಾ ಹೇಳಿದ್ದು ಇದು: "ಬೆಳಿಗ್ಗೆ ಐದಕ್ಕೆ ಏಳ್ತೀನಿ ಸಿಸ್ಟರ್. ಏಳೂವರೆಗೆ ಜೀಪಿಗೆ ನಿಲ್ಬೇಕು. ಸಂಜೆ ಬಂದ್ರೆ ನೀರು, ಸೌದೆ, ಅಡಿಗೆ. ಆಟ ಆಡಿಸೋದು ಯಾವಾಗ? ಅದೆಲ್ಲ ದುಡ್ಡಿದ್ದವರಿಗೆ."

ಈ ಪಾಠ ಆ ತಾಯಿಯ ಮಾತಿಗೆ ನಮ್ಮಿಂದಾದ ಉತ್ತರ.

ಮೊದಲು ಒಂದು ಎಚ್ಚರಿಕೆ ಹೇಳಿಬಿಡುತ್ತೇವೆ. ಮಾತು ತಡವಾದ ಪ್ರತಿ ಮಗುವಿಗೂ ಮೊಬೈಲೇ ಕಾರಣ ಅಂತ ಯಾರೂ ತೀರ್ಮಾನಿಸಬೇಡಿ, ಪಕ್ಕದ ಮನೆಯ ತಾಯಿಯನ್ನು ದೂರಬೇಡಿ. ಕಿವಿ ಕೇಳದೇ ಇರಬಹುದು, ಬೇರೆ ತೊಂದರೆ ಇರಬಹುದು. ಎರಡು ವರ್ಷಕ್ಕೆ "ಅಮ್ಮ ಬಾ", "ನೀರು ಕೊಡು" ಅಂತ ಎರಡು ಮಾತು ಜೋಡಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ನಾಚಿಕೆಪಟ್ಟು ಒಂದು ವರ್ಷ ಕಾಯುವುದರಿಂದ ನಷ್ಟ ಮಗುವಿಗೇ.

ಮೊಬೈಲ್ ಎಷ್ಟು ಹೊತ್ತು?

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಒಂದು ಸಲಹೆ ಹೊರಡಿಸಿತು. ಎರಡು ವರ್ಷ ತುಂಬುವ ತನಕ ಟಿ.ವಿ., ಮೊಬೈಲ್ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಅದೇ ಸಲಹೆಯಲ್ಲಿ ನಿದ್ದೆಯ ಲೆಕ್ಕವೂ ಇದೆ. ಒಂದೆರಡು ವರ್ಷದ ಮಗುವಿಗೆ ಹಗಲಿನ ನಿದ್ದೆ ಸೇರಿ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ. ರಾತ್ರಿ ಹನ್ನೊಂದರವರೆಗೆ ಧಾರಾವಾಹಿ ಓಡುವ ಒಂದೇ ಕೋಣೆಯ ಲೈನ್ ಮನೆಯಲ್ಲಿ ಈ ನಿದ್ದೆ ಎಲ್ಲಿಂದ ಬರಬೇಕು? ಯೋಚನೆ ಮಾಡಿ.

"ಮೊಬೈಲ್ ಕೊಡದಿದ್ರೆ ಊಟನೇ ಮಾಡಲ್ಲ" ಎಂಬ ಮಾತನ್ನು ಪ್ರತಿ ಸಂಘದಲ್ಲೂ ಕೇಳಿದ್ದೇವೆ. ಒಂದು ವಾರ ಹಟ ಮಾಡುತ್ತದೆ, ಅದು ನಿಜ. ಹಸಿದ ಮಗು ಊಟ ಮಾಡುತ್ತದೆ, ಅದೂ ನಿಜ. ಒಂದೇ ಸಲ ಬಿಡಿಸಲು ಆಗದಿದ್ದರೆ ಮೊದಲು ಊಟದ ಹೊತ್ತು ಬಿಡಿಸಿ, ಆಮೇಲೆ ಮಲಗುವ ಹೊತ್ತು. ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ: ಮಗುವಿನ ಕೈಯಿಂದ ಕಿತ್ತುಕೊಂಡ ಮೊಬೈಲನ್ನು ನಾವೇ ನೋಡುತ್ತಾ ಕೂತರೆ ಮಗು ಏನು ಕಲಿಯುತ್ತದೆ?

ನಾವು ಮಾಡಿದ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ತಾಯಂದಿರ ತರಬೇತಿಯೊಂದರಲ್ಲಿ ಪೇಟೆಯಿಂದ ಬಣ್ಣದ ಪ್ಲಾಸ್ಟಿಕ್ ಕಟ್ಟುವ ಆಟದ ಸಾಮಾನು ತರಿಸಿ ಎಲ್ಲರಿಗೂ ಹಂಚಿದೆವು. ಫೋಟೋ ತೆಗೆದೆವು, ವರದಿ ಬರೆದೆವು. ಒಂದು ವರ್ಷ ಬಿಟ್ಟು ಮನೆ ಭೇಟಿಗೆ ಹೋದರೆ ಬಹಳ ಮನೆಗಳಲ್ಲಿ ಆ ಡಬ್ಬಿ ಕಬ್ಬಿಣದ ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಕವರಿನೊಳಗೇ ಇತ್ತು. "ಮಗು ಹಾಳು ಮಾಡಿಬಿಡುತ್ತೆ ಅಂತ ಎತ್ತಿಟ್ಟಿದ್ದೀನಿ" ಅಂದರು. ಅದೇ ಮನೆಯ ಅಂಗಳದಲ್ಲಿ ಅದೇ ಮಗು ಅಡಿಕೆ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ಎಳೆಯುತ್ತಾ ಕಿರುಚಿ ನಗುತ್ತಿತ್ತು. ತರಬೇತಿ ಬೇಕಾಗಿದ್ದದ್ದು ನಮಗೆ.

ಚಿಕ್ಕ ಮಗುವಿಗೆ ಆಟದ ಸಾಮಾನಿಗಿಂತ ಹೆಚ್ಚಾಗಿ ಬೇಕಾದದ್ದು ತಿರುಗಿ ಮಾತಾಡುವ ಮನುಷ್ಯರು. ಮಗು "ಆ" ಅಂದರೆ ನಾವು "ಆನೆನಾ? ಎಲ್ಲಿ ಆನೆ?" ಅನ್ನಬೇಕು. ಮಗು ಕೈ ತೋರಿಸಿದ ಕಡೆ ನಾವು ನೋಡಬೇಕು. ಹೀಗೆ ಹೋಗಿ ಬಂದು ಆಗುವ ಮಾತಿನಿಂದಲೇ ಮೊದಲ ಮೂರು ವರ್ಷದಲ್ಲಿ ಮಗುವಿನ ಮೆದುಳಿಗೆ ಬುನಾದಿ ಬೀಳುವುದು. ಮೊಬೈಲ್ ಹಾಡು ಹೇಳುತ್ತದೆ, ಆದರೆ ಮಗು ಏನು ಅಂದಿತು ಅಂತ ಕೇಳಿಸಿಕೊಳ್ಳುವುದಿಲ್ಲ.

ಕೆಲಸದ ಒಳಗೇ ಆಟ

ಹಾಗಾದರೆ ಸಮಯ ಎಲ್ಲಿಂದ? ಬೇರೆ ಸಮಯ ಹುಡುಕಬೇಡಿ, ಸಿಗುವುದಿಲ್ಲ. ಇರುವ ಕೆಲಸದ ಒಳಗೆ ಮಗುವನ್ನು ಸೇರಿಸಿಕೊಳ್ಳಿ.

ಸಂಜೆ ಅಕ್ಕಿ ರೊಟ್ಟಿಗೆ ಹಿಟ್ಟು ನಾದುತ್ತೀರಿ. ಒಂದು ನಿಂಬೆಹಣ್ಣಿನಷ್ಟು ಹಿಟ್ಟು ಮಗುವಿಗೆ ಕೊಡಿ. ಅದು ಹಾವು ಮಾಡುತ್ತದೆ, ಆನೆ ಮಾಡುತ್ತದೆ, ಕೊನೆಗೆ ಕಪ್ಪಗಾದ ಒಂದು ಉಂಡೆ ಮಾಡುತ್ತದೆ. ಅದನ್ನೂ ಕೆಂಡದಲ್ಲಿ ಸುಟ್ಟು ಕೊಡಿ, ತಿನ್ನುತ್ತದೋ ಬಿಡುತ್ತದೋ, ಖುಷಿ ಅಂತೂ ಆಗುತ್ತದೆ. ಕಡಂಬುಟ್ಟು ಮಾಡುವ ದಿನ ಚಿಕ್ಕ ಕೈಗೆ ಚಿಕ್ಕ ಉಂಡೆ. ಸೌದೆ ಜೋಡಿಸುವಾಗ "ಒಂದು, ಎರಡು, ಮೂರು" ಅಂತ ಒಟ್ಟಿಗೆ ಎಣಿಸಿ. ಹಂಡೆ ನೀರಲ್ಲಿ ಸ್ನಾನ ಮಾಡಿಸುವಾಗ ಕೈ, ಕಾಲು, ಮೂಗು ಅಂತ ಹೆಸರು ಹೇಳುತ್ತಾ ನೀರು ಹಾಕಿ. ಬಟ್ಟೆ ಮಡಚುವಾಗ ಅಪ್ಪನ ಅಂಗಿ ಯಾವುದು, ನಿನ್ನ ಚಡ್ಡಿ ಯಾವುದು ಅಂತ ಕೇಳಿ. ಅಂಗನವಾಡಿಗೆ ಹೋಗುವ ದಾರಿಯಲ್ಲಿ ದಿನಾ ಅದೇ ಹಲಸಿನ ಮರದ ಹತ್ತಿರ ಒಂದು ನಿಮಿಷ ನಿಂತು ಇವತ್ತು ಕಾಯಿ ಎಷ್ಟು ದಪ್ಪ ಆಯಿತು ನೋಡಿ. ಇದರಲ್ಲಿ ಯಾವುದಕ್ಕೂ ಐದು ಪೈಸೆ ಖರ್ಚಿಲ್ಲ, ಕೆಲಸ ಹತ್ತು ನಿಮಿಷ ತಡ ಆಗಬಹುದು ಅಷ್ಟೇ.

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಕಾಫಿ ಕುಯ್ಲಿನ ಸಮಯದಲ್ಲಿ ಕೆಜಿ ಲೆಕ್ಕದಲ್ಲಿ ಕೂಲಿ ಸಿಗುವಾಗ ಮಗುವೂ ನಾಲ್ಕು ಹಣ್ಣು ಕಿತ್ತು ಹಾಕಲಿ ಅನ್ನುವ ಆಸೆ ಬರುತ್ತದೆ. ಮಗು ಹಣ್ಣು ಕೀಳುವುದನ್ನು ಆಟ ಅಂತ ಕರೆಯಬೇಡಿ. 14 ವರ್ಷದೊಳಗಿನ ಮಕ್ಕಳಿಂದ ಕೂಲಿ ಕೆಲಸ ಮಾಡಿಸುವುದು ಕಾನೂನಿಗೆ ವಿರುದ್ಧ. ಯಾವಾಗ ಬೇಕಾದರೂ ಬಿಟ್ಟು ಓಡಬಹುದಾದರೆ ಆಟ, ಬಿಟ್ಟರೆ ಬೈಗುಳ ಬೀಳುತ್ತದೆ ಅಂದರೆ ಕೆಲಸ. ನಮಗೆ ಗೊತ್ತಿರುವ ಗುರುತು ಅದೇ.

ದಿನದ ಹೊತ್ತು

ಮಗುವಿಗೆ ಗಡಿಯಾರ ಗೊತ್ತಿಲ್ಲ. ಆದರೆ "ಇದಾದ ಮೇಲೆ ಅದು" ಅನ್ನುವುದು ಬಹಳ ಬೇಗ ಗೊತ್ತಾಗುತ್ತದೆ. ಅಮ್ಮ ಬಂದ ಮೇಲೆ ಕೈಕಾಲು ತೊಳೆಯುವುದು, ಆಮೇಲೆ ಕಾಫಿ ತಿಂಡಿ, ಅಡಿಗೆಯ ಹೊತ್ತು, ಊಟ, ಒಂದು ಕಥೆ ಅಥವಾ ಹಾಡು, ನಿದ್ದೆ. ಗಂಟೆ ಹೆಚ್ಚು ಕಮ್ಮಿ ಆದರೂ ಪರವಾಗಿಲ್ಲ, ಈ ಸಾಲು ತಪ್ಪದಿರಲಿ. ಮುಂದೆ ಏನು ಅಂತ ಗೊತ್ತಿರುವ ಮಗು ಕಡಿಮೆ ಅಳುತ್ತದೆ.

ಇದರ ಬೆಲೆ ನಮಗೆ ಸರಿಯಾಗಿ ಅರ್ಥವಾದದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ಮನೆ ಬಿಟ್ಟು ಬಂದವರು ಪರಿಹಾರ ಕೇಂದ್ರಗಳಲ್ಲಿದ್ದರು. ಅನ್ನ, ಕಂಬಳಿ, ಔಷಧಿ ಎಲ್ಲ ಬಂತು. ಆದರೆ ಮಕ್ಕಳು ಮಳೆ ಸದ್ದು ಜೋರಾದರೆ ಸಾಕು, ತಾಯಿಯ ಸೀರೆಯೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದವು. ಅಲ್ಲಿ ನಾವು ಮಾಡಿದ್ದು ತುಂಬಾ ಚಿಕ್ಕ ಕೆಲಸ. ದಿನಾ ಅದೇ ಹೊತ್ತಿಗೆ, ಅದೇ ಮೂಲೆಯಲ್ಲಿ, ಅದೇ ಹಾಡಿನಿಂದ ಶುರು ಮಾಡಿ ಒಂದು ಗಂಟೆ ಆಟ. ಮೂರನೇ ದಿನಕ್ಕೆ ನಾವು ಹೋಗುವ ಮೊದಲೇ ಮಕ್ಕಳು ಆ ಮೂಲೆಯಲ್ಲಿ ಕೂತಿದ್ದವು. ಮನೆ ಹೋಗಿತ್ತು, ಊರು ಹೋಗಿತ್ತು. ಅವುಗಳಿಗೆ ಗೊತ್ತಿದ್ದ, ತಪ್ಪದೆ ಬರುವ ಒಂದು ವಿಷಯ ಆ ಹಾಡು ಮಾತ್ರ.

ಬಟವಾಡೆ ದಿನದ ಸಂಜೆಯ ಬಗ್ಗೆಯೂ ಹೇಳಬೇಕು. ಆ ಸಂಜೆ ಕೆಲವು ಮನೆಗಳಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಕುಡಿದು ಬಂದವರ ಗಲಾಟೆಗೆ ಕಥೆ, ಹಾಡು ಮದ್ದಲ್ಲ, ಹಾಗೆ ಹೇಳಿದರೆ ನಾವು ಸುಳ್ಳು ಹೇಳಿದಂತೆ. ಆದರೆ ಒಂದು ಸಂಘದವರು ಮಾಡಿಕೊಂಡ ವ್ಯವಸ್ಥೆ ನಮಗೆ ಹಿಡಿಸಿತು. ಆ ಸಂಜೆ ಲೈನಿನ ಚಿಕ್ಕ ಮಕ್ಕಳೆಲ್ಲ ಕೊನೆಯ ಮನೆಯ ಅಜ್ಜಿಯ ಹತ್ತಿರ ಸೇರುತ್ತಾರೆ, ಅಲ್ಲೇ ಊಟ, ಅಲ್ಲೇ ಕಥೆ. ಹೊಡೆತ ಬಡಿತ ಇದ್ದರೆ ಮುಚ್ಚಿಡಬೇಡಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098.

ಎಲ್ಲ ಗಂಡಸರೂ ಹಾಗಲ್ಲ ಎಂಬುದನ್ನೂ ಬರೆಯಬೇಕು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುವ ಅಪ್ಪಂದಿರನ್ನು ಗೋಣಿಕೊಪ್ಪ, ಸಿದ್ದಾಪುರದಲ್ಲಿ ಬೇಕಾದಷ್ಟು ನೋಡುತ್ತೇವೆ. ಮನೆಗೆ ಬಂದ ಮೇಲೆ ಮಾತ್ರ ಮಗು ಅಮ್ಮನದ್ದು ಅಂತ ಆಗಿಬಿಡುತ್ತದೆ. ಊಟದ ಮೇಲಿನ ಕಥೆಯನ್ನು ಅಪ್ಪನಿಗೆ ವಹಿಸಿ ನೋಡಿ. "ನಂಗೆ ಕಥೆ ಬರಲ್ಲ" ಅಂದರೆ, ಇವತ್ತು ತೋಟದಲ್ಲಿ ಏನು ನೋಡಿದ್ರಿ ಅದನ್ನೇ ಹೇಳಿ ಅನ್ನಿ. ಮರದ ಮೇಲಿನ ಕೆಂಜಳಿಲು, ದಾರಿಯಲ್ಲಿ ಬಿದ್ದ ಆನೆ ಲದ್ದಿ, ಇದಕ್ಕಿಂತ ಒಳ್ಳೆಯ ಕಥೆ ಯಾವ ಪುಸ್ತಕದಲ್ಲಿದೆ?

ಮಳೆಗಾಲದಲ್ಲಿ ಏನು ಮಾಡೋಣ?

ಜುಲೈನಲ್ಲಿ ಶಾಲೆ, ಅಂಗನವಾಡಿಗೆ ರಜೆ ಕೊಟ್ಟರೆ ಮಕ್ಕಳು ನಾಲ್ಕೈದು ದಿನ ಒಂದೇ ಕೋಣೆಯಲ್ಲಿ. ಕರೆಂಟು ಇಲ್ಲ, ಬಟ್ಟೆ ಒಣಗಲ್ಲ, ಎಲ್ಲರಿಗೂ ಸಿಟ್ಟು. ಆಗ ಮಳೆಯನ್ನೇ ಆಟ ಮಾಡಿಕೊಳ್ಳಿ. ನಮ್ಮ ತೋಟದ ಮಾಲೀಕರೆಲ್ಲ ಇಂಚು, ಸೆಂಟು ಅಂತ ಮಳೆ ಲೆಕ್ಕ ಬರೆದಿಡುತ್ತಾರಲ್ಲ, ಮಕ್ಕಳೂ ಬರೆಯಲಿ. ಅಡಿಯಿಂದ ಬಾಯಿಯವರೆಗೆ ಒಂದೇ ಅಗಲ ಇರುವ ಒಂದು ಡಬ್ಬಿಯನ್ನು ಮರದ ಕೆಳಗಲ್ಲದೆ ಬಯಲಲ್ಲಿ ನೆಟ್ಟಗೆ ಇಡಿ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಶಾಲೆಯ ಸ್ಕೇಲ್ ಅದ್ದಿ ನೋಡಿ, ನೀರು ಚೆಲ್ಲಿ ಮತ್ತೆ ಇಡಿ. 25 ಮಿಲಿಮೀಟರ್ ಸುಮಾರು ಒಂದು ಇಂಚು. ದೊಡ್ಡ ಮಗು ಕ್ಯಾಲೆಂಡರಿನಲ್ಲಿ ಬರೆಯಲಿ, ಚಿಕ್ಕದು ಸ್ಕೇಲ್ ಹಿಡಿಯಲಿ. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದುಂಟು, ಕುಶಾಲನಗರದ ಕಡೆ ಅದರ ಕಾಲು ಭಾಗದಷ್ಟೂ ಬೀಳುವುದಿಲ್ಲ. ಎರಡು ಊರಿನ ಅಕ್ಕತಂಗಿಯರ ಮಕ್ಕಳು ಫೋನಿನಲ್ಲಿ ಮಳೆ ಲೆಕ್ಕ ಹೇಳಿಕೊಳ್ಳಲಿ. ಮೊಬೈಲಿಗೆ ಅದೊಂದು ಒಳ್ಳೆಯ ಉಪಯೋಗ.

ಕರೆಂಟು ಹೋದ ರಾತ್ರಿ ಟಾರ್ಚ್ ಬೆಳಕಲ್ಲಿ ಗೋಡೆ ಮೇಲೆ ಕೈ ನೆರಳಿನ ಮೊಲ, ನಾಯಿ, ಹಕ್ಕಿ ಮಾಡಿ. ಚೆನ್ನೆಮಣೆ ಇದ್ದರೆ ಅಟ್ಟದಿಂದ ಇಳಿಸಿ. ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಏಳೇಳು ಮನೆಯ ಎರಡು ಸಾಲು ಬರೆದರೆ ಆಯಿತು. ಮನೆಗೆ ನಾಲ್ಕರಂತೆ 56 ಹುಣಸೆ ಬೀಜ ಬೇಕು. ಐದಾರು ವರ್ಷದ ಮಗುವಿಗೆ ಇದರಷ್ಟು ಚೆನ್ನಾಗಿ ಎಣಿಕೆ ಕಲಿಸುವ ಆಟ ಇನ್ನೊಂದಿಲ್ಲ.

ಬೀಜ ಅಂದ ಕೂಡಲೇ ಹೇಳಬೇಕಾದದ್ದು. ಮೂರು ವರ್ಷದೊಳಗಿನ ಮಗುವಿನ ಕೈಗೆ ಬೀಜ, ಗೋಲಿ, ಬಾಟಲಿ ಮುಚ್ಚಳ, ಕಡಲೆಕಾಯಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಂಪು ಕಪ್ಪು ಗುಲಗಂಜಿ ನೋಡಲು ಚೆಂದ, ಆದರೆ ಅದು ವಿಷ, ಅಗಿದರೆ ಜೀವಕ್ಕೇ ಅಪಾಯ. ಔಷಧಿ ಹೊಡೆದ ಖಾಲಿ ಡಬ್ಬಿ, ಮೈಲುತುತ್ತು ತಂದ ಚೀಲ ಎಷ್ಟು ಸಲ ತೊಳೆದರೂ ಆಟಕ್ಕೆ ಬೇಡ. ತೋಟದ ಕೆರೆ, ಮನೆ ಹಿಂದಿನ ಗುಂಡಿ, ತುಂಬಿದ ಬಕೆಟ್ ಹತ್ತಿರ ಮಗುವನ್ನು ಒಂದು ಕ್ಷಣ ಕೂಡ ಒಂಟಿಯಾಗಿ ಬಿಡಬೇಡಿ. ಆನೆ ಓಡಾಡುವ ಕಡೆ ಬೆಳಿಗ್ಗೆ ಬೇಗ ಮತ್ತು ಕತ್ತಲಾಗುವ ಹೊತ್ತು ಅಂಗಳದ ಆಟ ಬೇಡ.

ಹಬ್ಬ, ಹಾಡು, ಮನೆಮಾತು

ಕೊಡಗಿನ ವರ್ಷದಲ್ಲಿ ಮಕ್ಕಳಿಗೆ ಬೇಕಾದ್ದೆಲ್ಲ ಇದೆ. ಆಗಸ್ಟ್ ಮೊದಲ ವಾರ ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ. ಸೊಪ್ಪು ಬೇಯುತ್ತಿದ್ದ ಹಾಗೆ ನೀರು ನೇರಳೆ ಬಣ್ಣಕ್ಕೆ ತಿರುಗುವುದನ್ನು ಮಕ್ಕಳಿಗೆ ತೋರಿಸಿ. ಮರುದಿನ ಮೂತ್ರ ಕೆಂಪಾಗಿದೆಯಾ ಅಂತ ಓಡಿ ಹೋಗಿ ನೋಡಿ ಬರುವ ಮಕ್ಕಳ ಸಂಭ್ರಮ ನೆನೆದರೆ ಈಗಲೂ ನಗು ಬರುತ್ತದೆ. ಪುತ್ತರಿಗೆ ಕದಿರು, ತಂಬಿಟ್ಟು. ಕ್ರಿಸ್ಮಸ್‌ಗೆ ಮಣ್ಣು ಹುಲ್ಲಿನ ಗೋದಲಿ. ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಕಾಫಿ ಹೂವಿನ ಪರಿಮಳ, ಆ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತರೂ ಒಂದು ಹಬ್ಬ. ಸಾವಿರಾರು ರೂಪಾಯಿ ಸಂಘದಿಂದ ಸಾಲ ಎತ್ತಿ ಶಾಮಿಯಾನ ಹಾಕಿಸಿ ಒಂದು ವರ್ಷದ ಮಗುವಿಗೆ ಕೇಕ್ ಕತ್ತರಿಸುವುದನ್ನು ಈಗ ನೋಡುತ್ತಿದ್ದೇವೆ. ಮಗು ಆ ಸದ್ದಿಗೆ ಹೆದರಿ ಅಳುತ್ತದೆ, ಕಂತು ಮಾತ್ರ ಎರಡನೇ ಹುಟ್ಟುಹಬ್ಬದವರೆಗೂ ನಡೆಯುತ್ತದೆ. ಸಾಲದ ಅರ್ಜಿ ಬಂದಾಗ ಪ್ರತಿನಿಧಿಗಳು ಪ್ರೀತಿಯಿಂದಲೇ ಒಂದು ಮಾತು ಹೇಳಬಹುದು.

ಇನ್ನು ಭಾಷೆ. "ಮನೆಯಲ್ಲಿ ಯರವ ಮಾತಾಡಿದ್ರೆ ಶಾಲೆಯಲ್ಲಿ ಹಿಂದೆ ಬೀಳ್ತದಾ ಸಿಸ್ಟರ್?" ಅಂತ ಕೇಳುತ್ತಾರೆ. ಬೀಳುವುದಿಲ್ಲ. ಯರವ, ಕುರುಬ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು, ನಿಮಗೆ ನಗು, ಕೋಪ, ಮುದ್ದು ಯಾವ ಭಾಷೆಯಲ್ಲಿ ಬರುತ್ತದೋ ಆ ಭಾಷೆಯಲ್ಲೇ ಮಗುವಿನ ಜೊತೆ ಮಾತಾಡಿ. ಒಂದು ಭಾಷೆ ಗಟ್ಟಿಯಾದ ಮಗು ಎರಡನೆಯದನ್ನು ಬೇಗ ಕಲಿಯುತ್ತದೆ. ಅರ್ಧಂಬರ್ಧ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಅಂದರೆ ಮಗುವಿಗೆ ಅಪ್ಪಣೆ ಸಿಗುತ್ತದೆ, ಮಾತು ಸಿಗುವುದಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆಗಳನ್ನು ಒಟ್ಟುಮಾಡಿ 1924ರಲ್ಲಿ 'ಪಟ್ಟೋಲೆ ಪಳಮೆ' ಅಂತ ಅಚ್ಚು ಹಾಕಿಸಿದ್ದರಿಂದ ಅವು ಉಳಿದವು. ನಿಮ್ಮ ಲೈನಿನ ಅಜ್ಜಿಯ ಜೋಗುಳವನ್ನು ಯಾರು ಬರೆದಿಟ್ಟಿದ್ದಾರೆ?

ಸಂಘ ಏನು ಮಾಡಬಹುದು?

ತಾಯಿ ಒಬ್ಬಳ ಮೇಲೆಯೇ ಎಲ್ಲ ಹೊರಿಸಿದರೆ ಅನ್ಯಾಯ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲೇ, 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುವಿಹಾರ ಇರಬೇಕು ಅಂತ ಬರೆದಿತ್ತು. ಎಷ್ಟು ಕಡೆ ಇತ್ತು ಅಂತ ಹಿರಿಯ ಸದಸ್ಯೆಯರನ್ನು ಕೇಳಿ. ಅಂಗನವಾಡಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ಮೊದಲು ಪಕ್ಕದ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳು ಬಂದವು. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ, ಬಾಗಿಲು ತೆರೆದಿರುತ್ತದಾ, ಎಷ್ಟು ಗಂಟೆಗೆ? ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಒಬ್ಬರೇ ಕೇಳಿದರೆ ಕೂರಿಸುತ್ತಾರೆ, 15 ಜನ ಒಟ್ಟಿಗೆ ಹೋಗಿ.

ಆ ಹುಡುಗನ ಸುದ್ದಿ ಹೇಳುವುದು ಬಾಕಿ ಇದೆ. ತಾಯಿ ಮೊದಲು ಊಟದ ಹೊತ್ತಿನ ಮೊಬೈಲ್ ಬಿಡಿಸಿದರು. ಹನ್ನೊಂದು ದಿನ ರಂಪ ಆಯಿತಂತೆ, ಲೆಕ್ಕ ಇಟ್ಟಿದ್ದಾರೆ. ತಿಂಗಳಿಗೆ ಎರಡು ಸಲ ತರಬೇತಿಗೆ ಕರೆದುಕೊಂಡು ಹೋಗುತ್ತಾರೆ. ಆ ದಿನದ ಕೂಲಿ ನಷ್ಟಕ್ಕೆ ಸಂಘದವರೇ ಬಡ್ಡಿ ಇಲ್ಲದೆ ಕೈಸಾಲ ಕೊಟ್ಟರು. ಆರು ತಿಂಗಳು ಕಳೆದಿದೆ. ವಯಸ್ಸಿಗೆ ತಕ್ಕಷ್ಟು ಮಾತು ಇನ್ನೂ ಬಂದಿಲ್ಲ, ಎಷ್ಟು ಬರುತ್ತದೆ ಅಂತ ಡಾಕ್ಟರೂ ಹೇಳಿಲ್ಲ. ಆದರೆ ಹೋದ ಸಭೆಯಲ್ಲಿ ಅವನು ಒಂದು ಕಡೆ ಕೂರಲಿಲ್ಲ. ಉಳಿತಾಯದ ದುಡ್ಡು ಎಣಿಸುವಾಗ ನಡುವೆ ನುಗ್ಗಿ, ಒಂದು ನಾಣ್ಯ ಎತ್ತಿ, ತಾಯಿಯ ಕಡೆ ತಿರುಗಿ "ಅಮ್ಮ, ಇದು?" ಅಂದ. ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದೆವು.

ಮುಂದಿನ ಸಭೆಗೆ ಪ್ರತಿ ಸದಸ್ಯೆಯೂ ಮನೆಯಲ್ಲೇ ಇರುವ ವಸ್ತುವಿನಿಂದ ಮಾಡಿದ ಒಂದು ಆಟದ ಸಾಮಾನು ತನ್ನಿ. ಅಜ್ಜಿಯಿಂದ ಅಥವಾ ಅತ್ತೆಯಿಂದ ಕೇಳಿ ಕಲಿತ ಒಂದು ಹಾಡು ಇಲ್ಲವೇ ಒಗಟು ತನ್ನಿ, ಯಾವ ಭಾಷೆಯಾದರೂ ಸರಿ. ನಿಮ್ಮ ಮನೆಯ ಸಂಜೆ ಯಾವುದಾದ ಮೇಲೆ ಯಾವುದು ಅಂತ ಒಬ್ಬೊಬ್ಬರು ಹೇಳಿ, ಎಲ್ಲಿ ಹತ್ತು ನಿಮಿಷ ಸಿಗಬಹುದು ಅಂತ ಉಳಿದವರು ಹುಡುಕಿ ಕೊಡಿ. ಚಿಕ್ಕ ಮಕ್ಕಳನ್ನು ಕರೆತರಲು ಮರೆಯಬೇಡಿ. ಆ ಒಂದು ಗಂಟೆ ಮೊಬೈಲುಗಳು ಚೀಲದಲ್ಲಿರಲಿ, ನಮ್ಮದೂ ಸೇರಿ.